ಭುಜದ ಬಾವಿಯ ಆಳ

ಬೀಳಗಿಯಲ್ಲಿ ಅರೆತ್ತಿನ ಬಾವಿಯೆಂದು ಹೆಸರಾದ ಹಳೆಯ ಬಾವಿಯೊಂದುಂಟು. ಕೃಷ್ಣೆ ಘಟಪ್ರಭೆಗಳ ನಡುವಣ ಈ ಬಿಸಿಲ ನಾಡಿನಲ್ಲಿ ಬಾವಿಯ ಆಳವೆಂದರೆ ಬಾಳಿನ ಲೆಕ್ಕವೇ ಸರಿ. ಆಳ ಸಾಲದಿದ್ದರೆ ನೀರಿಲ್ಲ. ಆದರೆ ಆಳ ಮೀರಿದರೆ ಪ್ರಾಣಕ್ಕೇ ಕುತ್ತು ತರುವ ಇನ್ನೊಂದು ಬಾವಿ ಪ್ರತಿಯೊಬ್ಬ ಮನುಷ್ಯನ ಹೆಗಲಿನಲ್ಲಿಯೂ ಇದೆ. ಅದರ ಕಥೆಯನ್ನು ಅರಸುವವರು ಬೀಳಗಿಯಿಂದ ಸೊಲ್ಲಾಪುರದ ಹೆದ್ದಾರಿಯನ್ನು ಹಿಡಿಯಬೇಕು.

ಕೊರ್ತಿಯನ್ನು ದಾಟುತ್ತಲೇ ಉದ್ದನೆಯ ಸೇತುವೆ. ಆಲಮಟ್ಟಿಯ ಹಿನ್ನೀರು ತುಂಬಿದ ದಿನಗಳಲ್ಲಿ ಕೃಷ್ಣೆ ಇಲ್ಲಿ ಹೊಳೆಯೆನಿಸದೆ ಕಡಲೆನಿಸುತ್ತಾಳೆ. ಆಚೆಯ ದಡದ ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯ ಗಟ್ಟಿ ಮೊಸರನ್ನು ಸವಿಯದೆ ಮುಂದೆ ಹೋಗುವ ಪ್ರಯಾಣಿಕರು ವಿರಳ. ವಿಜಯಪುರದ ಗೋಳಗುಮ್ಮಟ ಹಿಂದೆ ಸರಿದು, ಭೀಮೆಯನ್ನು ದಾಟಿದರೆ ಮಹಾರಾಷ್ಟ್ರ. ಆದರೂ ಕನ್ನಡ ಕಿವಿಗೆ ಬೀಳುವುದು ನಿಲ್ಲುವುದಿಲ್ಲ. ಸೊಲ್ಲಾಪುರವು ವಚನಕಾರ ಸಿದ್ಧರಾಮನ ಊರಲ್ಲವೇ!

ಈ ಊರಿನಲ್ಲಿ 1910ರಲ್ಲಿ ದ್ವಾರಕಾನಾಥ ಕೋಟ್ನೀಸರು ಜನಿಸಿದರು. 1938ರಲ್ಲಿ, ಯುದ್ಧದಿಂದ ನೊಂದ ಚೀನಾಕ್ಕೆ ಕಾಂಗ್ರೆಸ್ಸು ಕಳುಹಿದ ಐವರು ವೈದ್ಯರಲ್ಲಿ ಅವರೊಬ್ಬರು. ಗಾಯಾಳುಗಳ ಸೇವೆಯಲ್ಲಿಯೇ ದೇಹವನ್ನು ಸವೆಸಿ, 1942ರ ಡಿಸೆಂಬರಿನಲ್ಲಿ, ಮೂವತ್ತೆರಡರ ಹರೆಯದಲ್ಲಿ, ಅಲ್ಲಿಯೇ ಕಣ್ಮುಚ್ಚಿದರು. ಅವರ ಮನೆಯು ಈಗ ಸ್ಮಾರಕ. ಕೋಟ್ನೀಸರ ಕೈಯಲ್ಲಿದ್ದುದು ಶಸ್ತ್ರವೈದ್ಯನ ಚೂರಿ, ಸೂಜಿಯಲ್ಲ. ಸೂಜಿಯನ್ನು ತಂದವರು ಅವರ ಸಂಗಡಿಗ ಡಾಕ್ಟರ್ ಬಿಜಯಕುಮಾರ ಬಸು. 1958ರಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು, ಕಲ್ಕತ್ತೆಯಲ್ಲಿ ಅದನ್ನು ನೆಲೆಗೊಳಿಸಿದ ಕೀರ್ತಿ ಅವರದು.

ಕೂದಲಿನಷ್ಟು ತೆಳುವಾದ ಈ ಸೂಜಿಯನ್ನು ಎಲ್ಲಿ ಚುಚ್ಚಬೇಕೆಂಬುದು ವಿದ್ಯೆಯ ಅರ್ಧ. ಎಲ್ಲಿ ನಿಲ್ಲಿಸಬೇಕೆಂಬುದು ಉಳಿದರ್ಧ. ಚೀನೀಯರ ಅಳತೆ ‘ತ್ಸುನ್’. ಅದು ರೋಗಿಯ ಸ್ವಂತ ಹೆಬ್ಬೆರಳಿನ ಅಗಲ. ಮಗುವಿಗೆ ಮಗುವಿನ ಬೆರಳೇ ಪ್ರಮಾಣ, ಪೈಲವಾನನಿಗೆ ಅವನದೇ. ಮಾಂಸಲವಾದ ಪಿರ್ರೆಯಲ್ಲಿ ಸೂಜಿ ಎರಡು ಮೂರು ಬೆರಳಿನಷ್ಟು ಇಳಿಯಬಹುದು. ಎದೆ ಬೆನ್ನುಗಳಲ್ಲಿ ಓರೆಯಾಗಿ, ಮೇಲುಮೇಲೆ ಮಾತ್ರ ಹೋಗಬೇಕು. ಕತ್ತಿಗೂ ತೋಳಿನ ತುದಿಗೂ ನಡುವೆ, ಹೆಗಲ ಮೇಲಿರುವ ಬಿಂದುವಿನ ಹೆಸರು ‘ಜಿಯಾನ್‌ಜಿಂಗ್’, ಎಂದರೆ ಭುಜದ ಬಾವಿ! ಅಲ್ಲಿ ಅರ್ಧ ಬೆರಳಿನ ಆಸುಪಾಸಿನಲ್ಲಿಯೇ ಕೈ ತಡೆಯಬೇಕು. ಏಕೆಂದರೆ ಆ ಬಾವಿಯ ತಳದಲ್ಲಿರುವುದು ಶ್ವಾಸಕೋಶದ ತುದಿ. ಕೃಶಕಾಯರಲ್ಲಿ ಆ ತಳವು ಇನ್ನಷ್ಟು ಹತ್ತಿರ.

ಸೂಜಿ ಅದನ್ನು ತಾಗಿದರೆ ಗಾಳಿ ಎದೆಗೂಡಿಗೆ ಸೋರಿ, ಶ್ವಾಸಕೋಶ ಕುಗ್ಗುತ್ತದೆ. ಇದು ಅಪರೂಪವೇನೋ ನಿಜ. ಆದರೆ ಚಿಕಿತ್ಸೆ ಮುಗಿಸಿ ಮನೆ ಸೇರಿದ ಎಷ್ಟೋ ಹೊತ್ತಿನ ಮೇಲೆ ಎದೆನೋವು, ಒಣಕೆಮ್ಮು, ಏದುಸಿರು ತೋರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗುವುದೇ ವಿವೇಕ. ತರಬೇತಿಯಿಲ್ಲದ ಕೈಗೆ ಮೈಯನ್ನು ಒಪ್ಪಿಸದಿರುವುದು ಅದಕ್ಕಿಂತ ಮೊದಲಿನ ವಿವೇಕ.

ಈ ಎಚ್ಚರಿಕೆ ಹೊಸತಲ್ಲ. ಚೀನೀಯರ ಪ್ರಾಚೀನ ವೈದ್ಯಗ್ರಂಥ ‘ಹುವಾಂಗ್‌ದಿ ನೈಜಿಂಗ್’ ಸೂಜಿ ತಾಗಬಾರದ ಅಂಗಗಳನ್ನು ಹೆಸರಿಸಿ, ಹೃದಯಕ್ಕೆ ತಾಗಿದರೆ ಒಂದೇ ದಿನದಲ್ಲಿ ಮರಣವೆನ್ನುತ್ತದೆ. ನಮ್ಮ ಸುಶ್ರುತನೂ ದೇಹದಲ್ಲಿ 107 ಮರ್ಮಗಳನ್ನು ಎಣಿಸಿ, ಅಂಗುಲಗಳಲ್ಲಿ ಅಳೆದು, ಶಸ್ತ್ರವು ಅವುಗಳಿಂದ ದೂರವಿರಲೆಂದ. ಹಿಮಾಲಯದ ಎರಡು ಬದಿಯಲ್ಲಿಯೂ ವೈದ್ಯನು ಅಳತೆಗೋಲಿಗಾಗಿ ನೋಡಿದ್ದು ರೋಗಿಯ ಬೆರಳನ್ನೇ.

ಸೊಲ್ಲಾಪುರದಿಂದ ಮರಳುವ ಬಸ್ಸು ಸಂಜೆಯ ವೇಳೆಗೆ ಕೃಷ್ಣೆಯನ್ನು ದಾಟಿ ಬೀಳಗಿಯನ್ನು ಸೇರುತ್ತದೆ. ಹಳೆಯ ಬಾವಿಯೊಳಗೆ ಇಣುಕಿದವನು ಇಲ್ಲಿ ಅಂಚಿನಲ್ಲಿ ಕಾಲೂರಿ ನಿಲ್ಲುತ್ತಾನೆ. ಸೂಜಿ ಹಿಡಿದವನಿಗೂ ಬೇಕಾದುದು ಅದೇ: ಕಾಣದ ತಳದ ಅರಿವು, ಅಂಚಿನ ಭಯ.