ಇಂದಿರಾ ‘ಒಲ್ಲೆ’ ಅಂದದ್ದು ಖರೇನ

ಮೊನ್ನೆ ಸಂಜಿಮುಂದ ಮೆಂತೆಪಲ್ಲೆ ಸೋಸಕೋತ ಟಿವಿ ಮುಂದ ಕುಂತಿದ್ದೆ. ಹಳೇ ‘ಬೆಳ್ಳಿಮೋಡ’ ಸಿನಿಮಾ ಹಚ್ಚಿದ್ರು. ನಮ್ಮ ನೆಗೆಣ್ಣಿ ಬಂದಾಕಿ ನೋಡಿ ನಕ್ಕಳು. “ಅಕ್ಕಾ, ಐವತ್ತು ದಾಟಿದ್ರೂ ನಿನಗ ಈ ಪ್ರೀತಿ-ಪ್ರೇಮದ ಹುಚ್ಚು ಬಿಡಲಿಲ್ಲ ನೋಡು. ಇದನ್ನ ಎಷ್ಟ ಸಲ ನೋಡ್ತಿ?”

“ಹತ್ತು ಆಗಿರಬೇಕು” ಅಂದೆ. ಲೆಕ್ಕ ಯಾರ ಇಟ್ಟಾರ? ಆಕಿ ಚಹಾ ಕುಡದು ಹೋದ ಮ್ಯಾಲೆ ಅನಸ್ತು, ಈ ಹುಚ್ಚಿನ ಬಗ್ಗೆ ಒಮ್ಮೆ ಕುಂತು ಬರದ ಬಿಡೂಣು ಅಂತ.

ಅಥಣಿ ನನ್ನ ತವರು. ಪಿಯುಸಿ ಓದೂ ಮುಂದ ವಾಚನಾಲಯದಿಂದ ವಾರಕ್ಕೆರಡು ಕಾದಂಬರಿ ತರತಿದ್ದೆ. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ, ಯಾರದ ಸಿಕ್ಕರೂ ನಡೀತಿತ್ತು. ಸಾಯಿಸುತೆ ಅವರ ಪುಸ್ತಕ ಒಂದು ರಾತ್ರಿಗೆ ಮುಗೀತಿತ್ತು, ಮನಸ್ಸು ಹಗುರ ಆಗತಿತ್ತು. ತ್ರಿವೇಣಿ ಅವರದು ಮುಗದ ಮ್ಯಾಲೂ ನಾಲ್ಕ ದಿನ ತಲ್ಯಾಗ ತಿರಗತಿತ್ತು. ಫರಕ ಆಗಲೇ ತಿಳದಿತ್ತು, ಅದು ಏನಂತ ಹೇಳಾಕ ಬರತಿರಲಿಲ್ಲ ಅಷ್ಟ.

ಲಗ್ನ ಆಗಿ ಬೋರಗಾಂವಕ್ಕ ಬಂದಾಗ ಟ್ರಂಕಿನ್ಯಾಗ ಸೀರಿ ಕೆಳಗ ಮೂರು ಪುಸ್ತಕ ಇದ್ದುವು. ಅದರಾಗ ಒಂದು ‘ಬೆಳ್ಳಿಮೋಡ’. ನಮ್ಮ ಓಣ್ಯಾಗ ಕೆಲವರ ಮನೀ ಮಾತು ಮರಾಠಿ, ಕೆಲವರದು ಕನ್ನಡ, ಬಾಯಾಗ ಮಾತ್ರ ಎರಡೂ. ಮಧ್ಯಾಹ್ನ ಬಾಜೂ ಮನಿ ಮಾವಶಿ ಕಟ್ಟಿ ಮ್ಯಾಲೆ ನಾಲ್ಕೈದು ಮಂದಿ ಕೂಡಿ ಮೊರ ತೊಡೀ ಮ್ಯಾಲೆ ಇಟಗೊಂಡು ಬೀಡಿ ಕಟ್ಟತಿದ್ರು. ನಿಪ್ಪಾಣಿ ಅಂದ್ರ ತಂಬಾಕದ ಸೀಮಿ, ನಿಮಗ ಹೇಳೂದ ಬ್ಯಾಡ. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ, ಹಿಂಗಾಗಿ ಕೈ ನಿಲ್ಲಸೂ ಹಂಗಿಲ್ಲ. ಕಿವಿ ಖಾಲಿ ಇರತಿದ್ದುವು. ನಾ ಓದಾಕ ಹತ್ತಿದೆ. ಒಂದು ಪುಟ ಕನ್ನಡದಾಗ ಓದೂದು, ಅದನ್ನ ಮಾವಶಿಗೆ ಮರಾಠಿಯಾಗ ಹೇಳೂದು.

ಕತಿ ಮರತವರಿಗೆ ನೆನಪ ಮಾಡಿ ಕೊಡ್ತೀನಿ. ಇಂದಿರಾ ಕಾಫಿ ತೋಟದ ಸಾಹುಕಾರರ ಒಬ್ಬಳೇ ಮಗಳು. ಮೋಹನನ ಜೋಡಿ ಲಗ್ನ ಗೊತ್ತಾಗಿರತೈತಿ, ಅಂವ ಪರದೇಶಕ್ಕ ಓದಾಕ ಹೋಗೂದೂ ಇವರ ರೊಕ್ಕದಾಗ. ಅಷ್ಟರಾಗ ಇಂದಿರಾಗ ಒಬ್ಬ ತಮ್ಮ ಹುಟ್ಟತಾನ, ತಾಯಿ ತೀರಕೋತಾಳ. ಆಸ್ತಿಗೆ ವಾರಸದಾರ ಬಂದ ಅಂತ ಮೋಹನ ಲಗ್ನದಿಂದ ಹಿಂದ ಸರೀತಾನ. ಆಮ್ಯಾಲೆ ಅವಗ ಅಪಘಾತ ಆಗಿ ಕಾಲು ಮುರದಾಗ ಇಂದಿರಾನ ಆರೈಕಿ ಮಾಡತಾಳ. ಅಂವ ಪಶ್ಚಾತ್ತಾಪ ಪಟ್ಟು ಲಗ್ನ ಆಗೂಣು ಅಂತಾನ. ಆಕಿ ಒಲ್ಲೆ ಅಂತಾಳ.

ಅವತ್ತು ಕಟ್ಟಿ ಮ್ಯಾಲೆ ಜಗಳ ಹತ್ತಿತು ನೋಡ್ರಿ. ಮಾವಶಿ ಅಂದ್ರು, “ಹುಚ್ಚ ಹುಡುಗಿ. ತಪ್ಪಾತು ಅಂದಾನಲ್ಲ, ಹೂಂ ಅನಬೇಕಿತ್ತು. ಇನ್ನ ಆಕಿನ್ನ ಯಾರ ಕೇಳತಾರ?” ಇನ್ನೊಬ್ಬಾಕಿ ಎಲಿ ಕತ್ತರಿಸಕೋತ ಮೆಲ್ಲಕ ಅಂದಳು, “ಕಾಲು ಮುರೀದಿದ್ರ ಅಂವ ತಿರುಗಿ ನೋಡತಿದ್ದನ?” ನಾ ಆಗ ಇಪ್ಪತ್ತರ ಸೊಸಿ, ಧೈರ್ಯ ಮಾಡಿ ಹೇಳಿದೆ, “ಇಂದಿರಾ ಮಾಡಿದ್ದ ಖರೆ. ಸೇವಾ ಮಾಡೂದು ಬ್ಯಾರೆ, ಬಾಳೇವ ಮಾಡೂದು ಬ್ಯಾರೆ.” ಕಡೀಕ ಮಾವಶಿ ಮೊರ ನೋಡಿ, “ನಿನ್ನ ಇಂದಿರಾನ ಕಾಲಾಗ ನಂದು ಎರಡ ಕಟ್ಟು ಕಮ್ಮಿ ಆದುವು” ಅಂತ ನನ್ನ ಬೈದ್ರು.

ತ್ರಿವೇಣಿ 1963ರಾಗ ತೀರಕೊಂಡ್ರು. ಇನ್ನೂ 35 ತುಂಬಿದ್ದಿಲ್ಲ. ಪುಟ್ಟಣ್ಣ ಕಣಗಾಲ್ ಈ ಕತಿ ಸಿನಿಮಾ ಮಾಡಿದ್ದು 1967ರಾಗ. ಕಲ್ಪನಾ ಇಂದಿರಾ ಆದದ್ದು ಅವರು ನೋಡಲಿಲ್ಲ ಅನ್ನೂದು ನನಗ ಈಗೂ ಕೆಡಕ ಅನಸ್ತೈತಿ.

ಆವತ್ತಿನಿಂದ ಪ್ರೀತಿ ಕತಿ ಅಳ್ಯಾಕ ನಂದು ಒಂದ ಮಾಪು. ಹೀರೋ ಹೆಂಗದಾನ, ಹಾಡು ಹೆಂಗದಾವ ಅನ್ನೂದು ಆಮ್ಯಾಲೆ. ಹುಡುಗಿ ಬಾಯಿ ಬಿಟ್ಟು ಏನರ ಅಂದ್ರ ಕತಿ ಅದನ್ನ ಕಿವಿ ಮ್ಯಾಲೆ ಹಾಕೋತೈತೋ ಇಲ್ಲೋ, ಅದು ಮೊದಲ.

1991ರಾಗ ಮರಾಠಿ ‘ಮಾಹೇರಚಿ ಸಾಡಿ’ ಬಂತು. ಓಣಿ ಓಣೀನ ಟೆಂಪೋ ಮಾಡಿಕೊಂಡು ಇಚಲಕರಂಜಿಗೆ ಹೋಗಿದ್ವಿ. ಅಲ್ಕಾ ಕುಬಲ್ ಅತ್ತಾಗೆಲ್ಲಾ ಥೇಟರೇ ಅಳತಿತ್ತು. ನಾನೂ ಸೆರಗು ತೊಯ್ಯೂವಷ್ಟು ಅತ್ತೆ. ನಮ್ಮ ಅತ್ತಿ ನನಗಿಂತ ಜಾಸ್ತಿ ಅತ್ರು. ಮನಿಗೆ ಬಂದು ಮಾರಿ ತೊಳಕೊಂಡು, “ರೊಟ್ಟಿ ಯಾವಾಗ ಬಡೀತಿ?” ಅಂದ್ರು. ಅಳಸೂದ್ರಾಗ ಆ ಸಿನಿಮಾಕ್ಕ ನೂರಕ್ಕ ನೂರು. ಆದ್ರ ಸೊಸಿ ಎಲ್ಲಾ ನುಂಗಿಕೊಂಡು ಸಾಯೂದನ್ನ ಅದು ದೊಡ್ಡಸ್ತನ ಅಂತ ತೋರಸ್ತೈತಿ. ಅಲ್ಲಿ ನಾ ಮಾರ್ಕ ಕಡದೀನಿ.

‘ಶರಪಂಜರ’ದಾಗೂ ಹೆಣ್ಣು ಸೋಲತಾಳಲ್ಲ ಅಂತೀರಿ. ಖರೆ. ಹೆರಿಗಿ ಆದ ಮ್ಯಾಲೆ ಮನಸ್ಸು ಕೆಟ್ಟ ಕಾವೇರಿ ದವಾಖಾನಿಯಿಂದ ಆರಾಮಾಗಿ ಬರತಾಳ, ಮನಿಮಂದಿ ನಂಬೂದಿಲ್ಲ. ಒಲಿ ಮುಂದ ನಿಂತರೂ ಸಂಶೇ, ನಕ್ಕರೂ ಸಂಶೇ. ಕಡೀಕ ಅವರ ಕಣ್ಣ ಆಕಿನ್ನ ಮತ್ತ ಹುಚ್ಚಿ ಮಾಡತಾವ. ಆದ್ರ ಮನಿಮಂದಿ ಕೇಳದ ಮಾತು ಕತಿ ಕೇಳತೈತಿ, ನಮಗೂ ಕೇಳಸ್ತೈತಿ. ಸೋತರೂ ಕತಿ ಆಕಿ ಕಡೆ ಇರತೈತಿ.

ಮಗಳ ಕಾಲಕ್ಕ ‘ಮುಂಗಾರು ಮಳೆ’ ಬಂತು, 2006. ಮಳಿ ಛಲೋ, ಹಾಡು ಛಲೋ, ಗಣೇಶನ ಮಾತು ಭಾಳ ಛಲೋ, ಮೊಲ ಸತ್ತಾಗ ನಾನೂ ಅತ್ತೀನಿ. ಖರೆ ಪ್ರೀತಮ್ ತ್ಯಾಗ ಮಾಡೂ ಮುಂದ ನಂದಿನಿಗೆ ಏನ ಬೇಕು ಅನ್ನೂದನ್ನ ಲೆಕ್ಕಕ್ಕ ಹಿಡದನ? ಅವನ ತ್ಯಾಗದ ಪೂರ್ತಿ ಹೆಸರು ಅವಗ, ಅದರ ಬಾಳೇವ ಆಕಿಗೆ. ಹಿಂಗ ಅಂದಾಗ ಮಗಳು, “ಅವ್ವಾ, ಸಿನಿಮಾ ನೋಡಾಕ ಬಿಡು” ಅಂತ ಬೈದಿದ್ದಳು.

2016ರ ‘ಸೈರಾಟ್’ ಅಂತೂ ನಮ್ಮ ಗಡೀಯಾಗ ಕನ್ನಡದವರೂ ಎರಡೆರಡು ಸಲ ನೋಡ್ಯಾರ. ಅದರಾಗ ಆರ್ಚಿ ತನಗ ಬೇಕಾದವನ ಹಿಂದ ತಾನ ಹೋಗತಾಳ. ಹೆಣ್ಣಿನ ‘ಒಲ್ಲೆ’ ತಡಕೊಳ್ಳದ ಮನಿ ಆಕಿ ‘ಬೇಕು’ ಅಂದದ್ದನ್ನೂ ತಡಕೊಳ್ಳೂದಿಲ್ಲ. ಕಡೀಗೆ ಆ ಕೂಸಿನ ಸಣ್ಣ ಸಣ್ಣ ಹೆಜ್ಜಿ ನೋಡಿ ಎದ್ದು ಬಂದಾಗ ಯಾರೂ ಮಾತಾಡಲಿಲ್ಲ.

ಹಿಂಗ ಮಂದೀ ಕತಿಗೆ ಮಾರ್ಕ ಕೊಟಗೋತ ಕುಂತಾಕಿಗೆ ಐದು ವರ್ಷದ ಹಿಂದ ಪರೀಕ್ಷಾ ಬಂತು. ಮಗಳ ನಿಶ್ಚಯ ಆಗಿತ್ತು. ಅಷ್ಟರಾಗ ಮನಿಯವರ ಎದಿ ಆಪರೇಶನ್ ಆತು, ಎರಡ ಎಕರೆ ಕಬ್ಬಿನ ಹೊಲಾ ಮಾರಿದ್ವಿ. ಸುದ್ದಿ ತಿಳದ ಮ್ಯಾಲೆ ವರನ ಕಡೆಯವರ ಫೋನು ಕಮ್ಮಿ ಆದುವು. “ಈ ವರ್ಷ ಬ್ಯಾಡ, ನೋಡೂಣು” ಅಂದ್ರು. ಆಮ್ಯಾಲೆ ಬ್ಯಾರೆ ಕಡೆ ಹೆಣ್ಣು ನೋಡಿದ್ರು ಅಂತ ಕಿವಿಗೆ ಬಿತ್ತು. ನಾಲ್ಕ ತಿಂಗಳಾದ ಮ್ಯಾಲೆ ಆ ಸಂಬಂಧ ಮುರೀತು ಅನ್ನು, ತಿರುಗಿ ನಮ್ಮ ಬಾಗಲಕ್ಕ ಬಂದ್ರು. ಹುಡುಗನೂ ಬಂದು ತಪ್ಪಾತು ಅಂದ.

ಮಗಳು ಒಲ್ಲೆ ಅಂದಳು.

ನಾ ಏನ ಮಾಡಿದೆ ಗೊತ್ತೇನು? ರಾತ್ರಿ ಆಕಿ ಬಾಜೂಕ ಕುಂತು, “ಹುಡುಗ ಕೆಟ್ಟವ ಅಲ್ಲ, ತಪ್ಪು ಎಲ್ಲಾರ ಕಡಿಂದ ಆಗತೈತಿ, ಅಪ್ಪನ ತಬ್ಬೇತಿ ನೋಡು, ಹೂಂ ಅನ್ನು” ಅಂದೆ. ಮೂವತ್ತು ವರ್ಷ ಇಂದಿರಾನ ಹೊಗಳಿದ ಬಾಯಿ ಇದ. ಮಗಳು ಏನೂ ಅನಲಿಲ್ಲ, ಗ್ವಾಡಿ ಕಡೆ ಮಾರಿ ತಿರುಗಿಸಿ ಮಲಗಿದಳು.

ಮರುದಿನ ಮಾವಶಿ ಕಡೆ ಹೋಗಿ ಅತ್ತೆ. ಮಾವಶಿಗೆ ಈಗ ಕಣ್ಣು ಮಂಜು, ಬೀಡಿ ಬಿಟ್ಟು ಭಾಳ ವರ್ಷ ಆತು. ಎಲ್ಲಾ ಕೇಳಿ ಅಂದ್ರು, “ಕಾಯ ಗ, ಅವತ್ತು ಕಟ್ಟಿ ಮ್ಯಾಲೆ ನನ್ನ ಜೋಡಿ ಜಗಳಾಡಿದ್ದೆಲ್ಲ, ಆಕಿ ಮಾಡಿದ್ದ ಖರೆ ಅಂತ? ನಾ ಎಷ್ಟೋ ದಿನ ವಿಚಾರ ಮಾಡಿದೆ. ನಿಂದ ಖರೆ ಅನಸ್ತು. ಈಗ ಆ ಮಾತು ಪುಸ್ತಕದಾಗ ಅಷ್ಟ ನಡೀತೈತಿ ಅಂತೀಯೇನು?”

ನನ್ನ ಕಡೆ ಉತ್ತರ ಇರಲಿಲ್ಲ. ಮನಿಗೆ ಬಂದು ಮಗಳಿಗೆ, “ನಿನ್ನ ಮಾತ ನಡೀಲಿ” ಅಂದೆ. ವರನ ಕಡೆಯವರಿಗೆ ನಾನ ಫೋನ್ ಮಾಡಿ ಹೇಳಿದೆ. ಕೈ ನಡಗತಿತ್ತು.

ಮಗಳು ಈಗ ಬೆಳಗಾವ್ಯಾಗ ನೌಕರಿ ಮಾಡ್ತಾಳ. ಲಗ್ನ ಇನ್ನೂ ಆಗಿಲ್ಲ. ಮಂದಿ ಕೇಳೂದ ಬಿಟ್ಟಿಲ್ಲ, ಕೆಲವು ರಾತ್ರಿ ನನಗ ನಿದ್ದಿ ಹತ್ತೂದಿಲ್ಲ, ಅದನ್ನ ಮುಚ್ಚಿಡೂದಿಲ್ಲ. ಕಾದಂಬರಿ ಕಡೀ ಪುಟಕ್ಕ ಮುಗೀತೈತಿ. ಮರುದಿನ ಮುಂಜಾನೆ ಇಂದಿರಾನ ಮನ್ಯಾಗಿನವರು ಓಣಿ ಮಂದಿಗೆ ಏನಂತ ಹೇಳಿದ್ರು ಅಂತ ಪುಸ್ತಕದಾಗ ಇಲ್ಲ.

ನೆಗೆಣ್ಣಿಗೆ ಮೊನ್ನೆ ಇದೆಲ್ಲಾ ಹೇಳಾಕ ಆಗಲಿಲ್ಲ. ಮುಂದಿನ ವಾರ ಪುಸ್ತಕ ಕೊಟ್ಟು ಕಳಸ್ತೀನಿ. ಓದಿದ ಮ್ಯಾಲೆ ಇಂದಿರಾ ಮಾಡಿದ್ದು ಖರೆಯೋ ಸುಳ್ಳೋ ಆಕಿ ಬಂದು ಹೇಳಲಿ. ನಿಮಗೂ ಬೇಕಾದ್ರ ಒಬ್ಬರಾದ ಮ್ಯಾಲೆ ಒಬ್ಬರು ಒಯ್ಯಿರಿ. ರಟ್ಟು ಹರದೈತಿ, ಒಗ್ಗರಣಿ ಕೈಲೆ ಮಾತ್ರ ಮುಟ್ಟಬ್ಯಾಡ್ರಿ.