ಹತ್ತಿರದ ಕಣ್ಣು

ಮಂದ ಬೆಳಕಿನಲ್ಲಿ ತೆಗೆದ ಫೋಟೊ ಶಾರ್ಪ್ ಬರಲಿಲ್ಲ ಅಂದರೆ ಸಾಕು, ಹಾಸ್ಟೆಲ್‌ನಲ್ಲಿ ಮಾತು ಸೀದಾ ಲೆನ್ಸ್ ಬೆಲೆಗೆ ಹೋಗುತ್ತೆ. ಆದರೆ ಕಾರಣ ಸಾಮಾನ್ಯವಾಗಿ ಎರಡೇ. ಒಂದೋ ಫೋಕಸ್ ಬೇರೆ ಕಡೆ ಕೂತಿರುತ್ತೆ, ಇಲ್ಲಾ ಶಟರ್ ತೆರೆದಿದ್ದಾಗ ಏನೋ ಅಲುಗಾಡಿರುತ್ತೆ. ಎರಡಕ್ಕೂ ಮದ್ದು ಬೇರೆ. ಇದು ನನಗೆ ಚೆನ್ನಾಗಿ ಮನದಟ್ಟಾಗಿದ್ದು ಸಿಂದಗಿ ತಾಲ್ಲೂಕಿನ ನಮ್ಮೂರು ಕನ್ನೊಳ್ಳಿಯಲ್ಲಿ, ಆಯಿಯ ಫೋಟೊ ತೆಗೆಯುವಾಗ.

ನಮ್ಮ ಪಡಸಾಲೆಯ ಗೋಡೆ ಮೇಲೆ ಮುತ್ಯಾನ ಫೋಟೊ ಇದೆ. ಯಾವುದೋ ಮದುವೆಯ ಗ್ರೂಪ್ ಫೋಟೊದಿಂದ ಮುಖವನ್ನಷ್ಟೇ ದೊಡ್ಡದು ಮಾಡಿಸಿದ್ದು. ರುಮಾಲು ಕಾಣುತ್ತೆ, ಮೀಸೆ ಕಾಣುತ್ತೆ, ಕಣ್ಣು ಮಾತ್ರ ಎರಡು ಕಪ್ಪು ಚುಕ್ಕೆ. ಆಯಿಯ ಫೋಟೊ ಹಾಗಾಗಬಾರದು ಅಂತ ದೀಪಾವಳಿ ರಜೆಗೆ ಗೆಳೆಯನ ಕ್ಯಾಮೆರಾ, 50 ಎಂಎಂ ಲೆನ್ಸ್ ಒಯ್ದಿದ್ದೆ.

ಮನೆಯೊಳಗೆ ಬೆಳಕಂದರೆ ಬೆಳಕಿಂಡಿಯದ್ದೇ. ಅದರ ನೇರ ಕೆಳಗೆ ಕೂತರೆ ಕಣ್ಣಿನ ಮೇಲೆ ಹುಬ್ಬಿನ ನೆರಳು ಬೀಳುತ್ತೆ. ಅದಕ್ಕೇ ಎರಡು ಹೆಜ್ಜೆ ಹಿಂದೆ, ಬೆಳಕಿನ ಕಡೆ ಮುಖ ಮಾಡಿ ಕೂರಿಸಿದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಈ ಲೆನ್ಸನ್ನು ಎಫ್ 1.8ಕ್ಕೆ ತೆರೆದರೆ, ಒಂದು ಮೀಟರ್ ದೂರದಲ್ಲಿ ಶಾರ್ಪ್ ಉಳಿಯುವ ಆಳ ಸುಮಾರು 3 ಸೆಂಟಿಮೀಟರ್ ಅಷ್ಟೇ. ಎಫ್ 2.8ರಲ್ಲಿ ನಾಲ್ಕೂವರೆ. ಕ್ಯಾಮೆರಾ ಪಾಡಿಗೆ ಬಿಟ್ಟರೆ ಅದು ಕನ್ನಡಕದ ಫ್ರೇಮನ್ನೋ ಹೊಳೆಯುವ ಮೂಗುತಿಯನ್ನೋ ಹಿಡಿಯಬಹುದು. ಹಾಗಾಗಿ ಸಿಂಗಲ್ ಪಾಯಿಂಟ್ ಆಟೊಫೋಕಸ್ ಇಟ್ಟು, ಕ್ಯಾಮೆರಾಗೆ ಹತ್ತಿರವಿದ್ದ ಕಣ್ಣಿನ ರೆಪ್ಪೆ ಮೇಲೆ ಪಾಯಿಂಟ್ ಕೂರಿಸಿದೆ. ಎಫ್ 2.8, ಶಟರ್ 1/160, ಐಎಸ್‌ಒ 3200. ನಾಯ್ಸ್ ಬಂದರೆ ಆಮೇಲೆ ಕಡಿಮೆ ಮಾಡಬಹುದು, ಅಲುಗಾಡಿದ ಮುಖವನ್ನು ಸರಿಮಾಡೋದು ಕಷ್ಟ.

"ಫೋಟೊ ಗ್ವಾಡಿಗಿ ಹಾಕಾಕೇನೋ ತಮ್ಮಾ?" ಅಂದಳು ಆಯಿ.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವಳೇ ನಕ್ಕಳು. "ಹಾಕು ತಗೋ. ಕಣ್ಣ ತೆರದಿದ್ದು ಹಾಕು."

ಆ ನಗುವಿನಲ್ಲೇ ಮೂರು ಕ್ಲಿಕ್ ಮಾಡಿದೆ. ಸ್ಟೆಬಿಲೈಸೇಶನ್ ನಮ್ಮ ಕೈ ನಡುಕವನ್ನಷ್ಟೇ ತಡೆಯುತ್ತೆ. ಎದುರಿಗಿರುವವರ ನಗುವಿಗೆ ಶಟರ್ ವೇಗವೇ ಬೇಕು. ಒಂದರಲ್ಲಿ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟವಾಗಿದೆ, ಕಣ್ಣೊಳಗೆ ಬೆಳಕಿಂಡಿಯ ಪುಟ್ಟ ಚೌಕ.

ಕ್ಯಾಮೆರಾ ಇಲ್ಲದಿದ್ದರೂ ನಡೆಯುತ್ತೆ. ಮೊಬೈಲ್ ಸೆನ್ಸರ್ ಚಿಕ್ಕದು, ಆಳದ ಚಿಂತೆ ಕಡಿಮೆ. ಕತ್ತಲಲ್ಲಿ ಶಟರ್ ನಿಧಾನವಾಗೋದೇ ಅದರ ತೊಂದರೆ. ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ಹಗಲು ಹೊತ್ತಿನಲ್ಲಿ ಬಾಗಿಲ ಹತ್ತಿರ ಕೂರಿಸಿ, ಸ್ಕ್ರೀನ್ ಮೇಲೆ ಅವರ ಕಣ್ಣಿಗೆ ಬೆರಳು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ, ಮಾತಾಡಿಸುತ್ತಾ ಹತ್ತು ಫೋಟೊ ತೆಗೀರಿ. ಲೆನ್ಸ್ ಆಮೇಲೆ ಕೊಂಡರಾಯ್ತು.