ಗೇರ್ ಬಾಕ್ಸ್ ಬದಲಿಸುವ ಮುನ್ನ ಆಯಿಲ್ ನೋಡಿ

ಕ್ಲಚ್ ಇಲ್ಲದ ಕಾರು ಎಂದರೆ ಹಣವಂತರ ಸುಖ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಎಡಗಾಲಿನಲ್ಲಿ ಶಕ್ತಿಯಿಲ್ಲದವರಿಗೆ ಅದು ಸುಖದ ಮಾತಲ್ಲ, ಅವಶ್ಯಕತೆ. ನನ್ನ ಅಣ್ಣನಿಗೆ ಬಾಲ್ಯದಲ್ಲಿ ಪೋಲಿಯೊ ತಗುಲಿ ಎಡಗಾಲು ಸೊರಗಿದೆ. ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕು, ಆಕ್ಸಿಲರೇಟರು ಎರಡೂ ಬಲಗಾಲಿನ ಕೆಲಸ. ಆದ್ದರಿಂದಲೇ 2010ರ ಮಾಡೆಲಿನ, ನಾಲ್ಕು ಗೇರಿನ ಹಳೆಯ ಸಣ್ಣ ಕಾರೊಂದನ್ನು ಕೊಂಡು ಆತ ಮಾರೇನಹಳ್ಳಿಯಿಂದ ತನ್ನ ಅಂಗಡಿಗೆ ಯಾರ ಹಂಗೂ ಇಲ್ಲದೆ ಹೋಗಿ ಬರುತ್ತಾನೆ.

ಕಳೆದ ವರ್ಷ ಆ ಕಾರು ತಕರಾರು ತೆಗೆಯಿತು. ಬೆಳಿಗ್ಗೆ ಲಿವರನ್ನು ಡಿ ಗೆ ಹಾಕಿದರೆ ಎರಡು ಮೂರು ಸೆಕೆಂಡು ಸುಮ್ಮನಿದ್ದು, ನಂತರ ಧಡಕ್ಕೆಂದು ಮುಂದೆ ಜಿಗಿಯುತ್ತಿತ್ತು. ಮಾಗಡಿ ರಸ್ತೆಯ ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ಎಂಜಿನ್ ಕೂಗುತ್ತಿತ್ತೇ ಹೊರತು ಕಾರು ಏಳುತ್ತಿರಲಿಲ್ಲ. ಒಂದು ಗ್ಯಾರೇಜಿನವರು ಬಾನೆಟ್ಟನ್ನೂ ಎತ್ತದೆ, "ಗೇರ್ ಬಾಕ್ಸ್ ಹೋಗಿದೆ ಮೇಷ್ಟ್ರೇ, ಬೇರೆ ಹಾಕಬೇಕು" ಎಂದರು. ಅವರು ಹೇಳಿದ ಮೊತ್ತ ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚಿತ್ತು. ಅಣ್ಣ ಮನೆಗೆ ಬಂದು, "ಮಾರಿಬಿಡೋಣ" ಎಂದ. ಮಾರಿದರೆ ನಷ್ಟವಾಗುವುದು ಹಣ ಮಾತ್ರವಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ತರಗತಿಯಲ್ಲಿ ಹುಡುಗನೊಬ್ಬ ತೂಕಡಿಸಿದರೆ ದಡ್ಡನೆಂದು ಬರೆಯುವ ಮೊದಲು ಬೆಳಿಗ್ಗೆ ತಿಂದು ಬಂದಿದ್ದಾನೆಯೇ ಎಂದು ಕೇಳುವುದು ನನ್ನ ರೂಢಿ. ಕಾರಿಗೂ ಅದೇ ನ್ಯಾಯ. ಕಡಿಮೆ ಖರ್ಚಿನ ಪರೀಕ್ಷೆ ಮೊದಲು ಆಗಬೇಕು.

ಆಟೋಮ್ಯಾಟಿಕ್ ಗೇರ್ ಬಾಕ್ಸಿನಲ್ಲಿ ಆಯಿಲಿಗೆ ಹಲವು ಕೆಲಸ. ಟಾರ್ಕ್ ಕನ್ವರ್ಟರ್ ಎಂಬ ಭಾಗದಲ್ಲಿ ಎಂಜಿನ್ನಿನ ಶಕ್ತಿಯನ್ನು ಗೇರಿಗೆ ದಾಟಿಸುವುದು ಆಯಿಲೇ. ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಅದರದೇ ಒತ್ತಡ. ಬಿಸಿಯನ್ನು ಹೊತ್ತೊಯ್ಯುವುದೂ ಅದೇ. ನಿಂತು ನಿಂತು ಸಾಗುವ ನಮ್ಮ ಟ್ರಾಫಿಕ್ಕಿನಲ್ಲಿ ಆಯಿಲ್ ಕಾಯುತ್ತದೆ, ವರ್ಷಗಳು ಕಳೆದಂತೆ ಗುಣ ಕಳೆದುಕೊಳ್ಳುತ್ತದೆ. ಅದು ಕಡಿಮೆಯಾದರೆ ಅಥವಾ ಕೆಟ್ಟರೆ ನಾನು ಮೇಲೆ ಹೇಳಿದ ಲಕ್ಷಣಗಳೇ ಕಾಣುತ್ತವೆ.

ನೋಡುವುದು ಹೇಗೆ? ಕಾರನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಬ್ರೇಕ್ ತುಳಿದುಕೊಂಡೇ ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ತಂದು ಪಿ ಗೆ ಮರಳಿಸಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದು ನೋಡಬೇಕು. ಹೋಂಡಾದ ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿ ನೋಡಬೇಕು. ಕಾರಿನ ಪುಸ್ತಕದಲ್ಲಿ ಇದು ಬರೆದಿರುತ್ತದೆ. ಕಡ್ಡಿಯೇ ಇಲ್ಲದ ಕಾರಾದರೆ ಗ್ಯಾರೇಜಿನಲ್ಲೇ ನೋಡಿಸಬೇಕು. ನೂಲು ಬಿಡುವ ಕಾಟನ್ ವೇಸ್ಟಿನಿಂದ ಕಡ್ಡಿ ಒರೆಸಬೇಡಿ. ಆಯಿಲ್ ತಿಳಿಕೆಂಪಾಗಿದ್ದರೆ ಚೆನ್ನಾಗಿದೆ. ಕಂದಾಗಿದ್ದರೆ ಹಳತಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಸವೆದಿರಬಹುದು. ಹಾಲು ಬೆರೆತಂತೆ ಗುಲಾಬಿ ಬಣ್ಣವಿದ್ದರೆ ರೇಡಿಯೇಟರಿನ ನೀರು ಸೇರಿದೆ ಎಂದರ್ಥ, ಕಾರನ್ನು ಓಡಿಸಲೇಬೇಡಿ.

ಅಣ್ಣನ ಕಾರಿನಲ್ಲಿ ಆಯಿಲ್ ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತ್ತು, ಮಟ್ಟವೂ ಕೆಳಗಿತ್ತು. ಸುಟ್ಟ ವಾಸನೆ ಇರಲಿಲ್ಲ. ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಮೊದಲು ಸ್ಕ್ಯಾನರ್ ಹಾಕಿದರು. ಬ್ಯಾಟರಿ, ಎಂಜಿನ್ ಮೌಂಟುಗಳನ್ನೂ ನೋಡಿದರು, ಏಕೆಂದರೆ ಮೌಂಟು ಸಡಿಲವಾದರೂ ಕಾರು ಜಿಗಿಯುತ್ತದೆ. ಎಲ್ಲೂ ದೋಷ ಕಾಣಲಿಲ್ಲ. ಪುಸ್ತಕದಲ್ಲಿ ನಮೂದಿಸಿದ್ದ ಆಯಿಲನ್ನೇ ನಾನು ಜೆ.ಸಿ. ರಸ್ತೆಯಿಂದ ತಂದೆ. ಅವರು ಕೆಳಗಿನ ಬೋಲ್ಟು ಬಿಚ್ಚಿ ಹಳೆಯ ಆಯಿಲನ್ನು ಅಳತೆ ಡಬ್ಬಕ್ಕೆ ಇಳಿಸಿದರು. ಆಯಸ್ಕಾಂತದ ಮೇಲೆ ಬೂದುಬಣ್ಣದ ನುಣುಪಾದ ಕೆಸರು ಮಾತ್ರವಿತ್ತು. "ಇದು ಸಹಜದ ಸವೆತ. ಚೂರು ಚೂರು ಲೋಹ ಸಿಕ್ಕಿದ್ದರೆ ನಾನೇ ಕೈ ಮುಗೀತಿದ್ದೆ" ಎಂದರು. ಹೊಸ ವಾಷರ್ ಹಾಕಿ, ಸೋರುತ್ತಿದ್ದ ಸೀಲು ಬದಲಿಸಿ, ಇಳಿದಷ್ಟು ಹಾಗೂ ಕೊರತೆಯಿದ್ದಷ್ಟು ಹೊಸ ಆಯಿಲ್ ತುಂಬಿ ಮತ್ತೆ ಕಡ್ಡಿ ನೋಡಿದರು.

ಒಮ್ಮೆ ಇಳಿಸಿದರೆ ಪೂರ್ತಿ ಆಯಿಲ್ ಬರುವುದಿಲ್ಲ. ಸಾಕಷ್ಟು ಪಾಲು ಟಾರ್ಕ್ ಕನ್ವರ್ಟರಿನಲ್ಲೇ ಉಳಿಯುತ್ತದೆ. ಆದ್ದರಿಂದ ಕೆಲವು ನೂರು ಕಿಲೋಮೀಟರಿನ ಅಂತರದಲ್ಲಿ ಇನ್ನೆರಡು ಸಲ ಬದಲಿಸಿದೆವು. ಯಂತ್ರದಿಂದ ಒತ್ತಿ ತೊಳೆಯುವುದನ್ನು ಹಳೆಯ ಗೇರ್ ಬಾಕ್ಸಿಗೆ ಅವರು ಒಪ್ಪಲಿಲ್ಲ. ಎದ್ದ ಕೊಳೆ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳಬಹುದಂತೆ. ಮೂರನೆಯ ಸಲದ ನಂತರ ಜಿಗಿತ ನಿಂತಿತು. ಚಳಿಯ ಬೆಳಿಗ್ಗೆ ಒಂದು ಕ್ಷಣದ ತಡ ಈಗಲೂ ಇದೆ. ಸವೆದದ್ದನ್ನು ಆಯಿಲ್ ಮರಳಿ ತರಲಾರದು. ಆದರೆ ಅಣ್ಣನ ಓಡಾಟ ಉಳಿಯಿತು.

ಕೆಲವು ಎಚ್ಚರಿಕೆಗಳು. ಎಲ್ಲ ಆಟೋಮ್ಯಾಟಿಕ್ಕೂ ಒಂದೇ ಅಲ್ಲ. 2003ರಲ್ಲಿ ಬಂದ ಹೋಂಡಾ ಸಿಟಿಯ ಸಿವಿಟಿಯಂಥವುಗಳಲ್ಲಿ ಲೋಹದ ಬೆಲ್ಟಿದೆ, ಅದಕ್ಕೆ ಬೇರೆಯೇ ಆಯಿಲ್. 2014ರ ಮಾರುತಿ ಸೆಲೆರಿಯೊದಿಂದ ನಮ್ಮಲ್ಲಿ ಹಬ್ಬಿದ ಎಎಂಟಿ ಎಂದರೆ ಸಾಮಾನ್ಯ ಗೇರ್ ಬಾಕ್ಸೇ. ಕ್ಲಚ್ಚು, ಗೇರು ಯಂತ್ರ ಹಾಕುತ್ತದೆ ಅಷ್ಟೆ. "ಕೆಂಪು ಆಯಿಲ್ ಎಲ್ಲ ಒಂದೇ" ಎನ್ನುವವರನ್ನು ನಂಬಬೇಡಿ. ಬರಿ ಜಾಕಿನ ಮೇಲೆ ನಿಂತ ಕಾರಿನಡಿ ತಲೆ ಹಾಕಬೇಡಿ. ಕೆಟ್ಟು ನಿಂತ ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ನಿಂತಾಗ ಒಳಗೆ ಆಯಿಲ್ ಹರಿಯದೆ ಗೇರ್ ಬಾಕ್ಸ್ ಹಾಳಾಗುತ್ತದೆ. ಲಾರಿಯ ಮೇಲೇರಿಸಿ ಒಯ್ಯಿರಿ.

ಇಳಿಸಿದ ಆಯಿಲನ್ನು ಮೋರಿಗೆ ಸುರಿಯದಿರಿ. ನಮ್ಮ ಕಡೆಯ ಮೋರಿಗಳು ಸೇರುವುದು ವೃಷಭಾವತಿಗೆ, ಅದು ಹರಿಯುವುದು ಬಿಡದಿ ಬಳಿಯ ಬೈರಮಂಗಲ ಕೆರೆಗೆ. ಅಲ್ಲಿನ ರೈತರ ಹೊಲಕ್ಕೆ ನಮ್ಮ ಕೊಳೆ ಹೋಗಬಾರದು. ಡಬ್ಬದಲ್ಲಿ ತುಂಬಿ, ಹಳೆಯ ಆಯಿಲನ್ನು ಪರವಾನಗಿಯವರಿಗೆ ಒಪ್ಪಿಸುವ ಗ್ಯಾರೇಜಿಗೆ ಕೊಡಿ.

ನಿಮ್ಮ ಮನೆಯಲ್ಲೂ ಇಂಥ ಹಳೆಯ ಕಾರಿದ್ದರೆ, ಅದನ್ನು ನಂಬಿದ ಹಿರಿಯರೋ ಕಾಲುನೋವಿನವರೋ ಇದ್ದರೆ, ಈ ಭಾನುವಾರ ಆ ಕಡ್ಡಿಯನ್ನೊಮ್ಮೆ ಎಳೆದು ನೋಡಿ. ಗೇರ್ ಬಾಕ್ಸ್ ಹೋಗಿದೆ ಎಂದು ಯಾರಾದರೂ ಹೇಳಿದರೆ, "ಆಯಿಲ್ ನೋಡಿದಿರಾ?" ಎಂದು ಕೇಳಿ.